ಸ್ಟೇರಿಂಗ್ ಒಳಗೆ ಸೇರಿಕೊಂಡ ಗಾಳಿ

ಬೋಟಿನ ಇಂಜಿನ್ ಕೆಳಗೆ ಕೆಂಪು ಆಯಿಲ್ ಕಲೆ ಕಂಡಾಗ ಬಟ್ಟೆಯಲ್ಲಿ ಒರೆಸಿ ಸುಮ್ಮನಾದೆ. ಮಾರನೇ ದಿನ ಮತ್ತೆ ಅಲ್ಲೇ ಇತ್ತು. ಅಷ್ಟು ಹೊತ್ತಿಗೆ ಸ್ಟೇರಿಂಗ್ ಕೂಡ ಒಂಥರಾ ಮೆತ್ತಗಾಗಿತ್ತು. ಕಾಲು ಸುತ್ತು ತಿರುಗಿಸಿದರೂ ಇಂಜಿನ್ನಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಮೊದಲು ಐದು ಸುತ್ತು ಸಾಕಿತ್ತು. "ಈಗ ಏಳು ಆಗ್ತಿದೆ ಅಣ್ಣಾ" ಅಂತ ತಮ್ಮ ಎಣಿಸಿ ಹೇಳಿದ.

ಹೈಡ್ರಾಲಿಕ್ ಸ್ಟೇರಿಂಗ್ ಅಂದರೆ ಏನೋ ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ಬಿಚ್ಚಿ ನೋಡಿದರೆ ಇಷ್ಟೇ: ಸ್ಟೇರಿಂಗ್ ಹಿಂದೆ ಒಂದು ಪಂಪು, ಇಂಜಿನ್ನನ್ನು ಆಚೆ ಈಚೆ ತಿರುಗಿಸಲು ಅದರ ಹತ್ತಿರ ಒಂದು ಸಿಲಿಂಡರ್, ನಡುವೆ ಎರಡು ಪೈಪು. ಬಲಕ್ಕೆ ತಿರುಗಿಸಿದರೆ ಒಂದು ಪೈಪಿನಲ್ಲಿ ಆಯಿಲ್ ಹೋಗುತ್ತದೆ, ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಳಗೆ ಗಾಳಿ ಸೇರಿತೋ, ನಾವು ತಿರುಗಿಸಿದ್ದೆಲ್ಲ ಅದನ್ನು ಹಿಸುಕುವುದಕ್ಕೇ ಖರ್ಚು.

ಸಿಲಿಂಡರ್ ಕಳಚಿ ಮೇಜಿನ ಮೇಲೆ ಇಟ್ಟೆವು. ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದೆವು. ಸಿಲಿಂಡರಿನಿಂದ ಹೊರಚಾಚುವ ರಾಡ್ ಮೇಲೆ ಉಪ್ಪು ಗಟ್ಟಿಯಾಗಿ ಕೂತಿತ್ತು. ರಾಡ್ ಒಳಗೆ ಹೊರಗೆ ಓಡಾಡುವಾಗ ಅದೇ ಉಪ್ಪು ಸೀಲನ್ನು, ಅಂದರೆ ಆಯಿಲ್ ಸೋರದ ಹಾಗೆ ತಡೆಯುವ ಬಳೆಯನ್ನು, ತಿಂದಿತ್ತು. ಹಳೇ ಸೀಲ್ ಕೈಗೆ ಬಂದಾಗ ಒಳ ಅಂಚಿನಲ್ಲಿ ಉಗುರಿನಿಂದ ಗೀರಿದ ಹಾಗೆ ಒಂದು ಗೆರೆ. ಅಷ್ಟು ಸಣ್ಣ ಗೆರೆಯಿಂದ ಇಷ್ಟೆಲ್ಲ ರಗಳೆ! ಹೊಸ ಸೀಲ್ ತೂರಿಸುವ ಮೊದಲು ರಾಡಿನ ತುದಿಯ ತಿರುಪಿನ ಗೆರೆಗಳಿಗೆ ಟೇಪ್ ಸುತ್ತಿ ಆಯಿಲ್ ಸವರಿದೆ. ಇಲ್ಲದಿದ್ದರೆ ಆ ಗೆರೆಗಳ ಚೂಪಿಗೆ ಹೊಸದೂ ಹರಿದುಹೋಗುತ್ತದೆ.

ಪರಿಚಯದವರೊಬ್ಬರು "ಬ್ರೇಕ್ ಆಯಿಲ್ ಹಾಕ್ಬಿಡಿ, ಎಲ್ಲಾ ಒಂದೇ" ಅಂದರು. ಒಂದೇ ಅಲ್ಲ. ಬ್ರೇಕ್ ಆಯಿಲ್ ಈ ಸೀಲುಗಳನ್ನು ಹಾಳು ಮಾಡುತ್ತದೆ. ಇದಕ್ಕೆ ಬೇಕಾದದ್ದು ತೆಳುವಾದ ಹೈಡ್ರಾಲಿಕ್ ಆಯಿಲ್. ಕಂಪನಿಯ ಪುಸ್ತಕದಲ್ಲಿ ಯಾವುದು ಅಂತ ಬರೆದೇ ಇರುತ್ತದೆ.

ನಿಜವಾದ ಕೆಲಸ ಗಾಳಿ ತೆಗೆಯುವುದು. ಇದು ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಆಯಿಲ್ ಬಾಟಲಿಯನ್ನು ಪೈಪ್ ಮೂಲಕ ಪಂಪಿಗೆ ಸಿಕ್ಕಿಸಿ ತಲೆಕೆಳಗಾಗಿ ತೂಗುಹಾಕಿದೆವು. ಮೇಲಾದ ತಳಕ್ಕೆ ಒಂದು ತೂತು, ಆಯಿಲ್ ಸರಾಗ ಇಳಿಯಲಿ ಅಂತ. ನಾನು ಸ್ಟೇರಿಂಗ್ ಹತ್ತಿರ, ತಮ್ಮ ಹಿಂದೆ ಸ್ಪ್ಯಾನರ್ ಹಿಡಿದುಕೊಂಡು. ಬಲಕ್ಕೆ ಪೂರ್ತಿ ತಿರುಗಿಸಿ ನಿಲ್ಲಿಸಿದೆ. ಎಡಕ್ಕೆ ತಿರುಗಿಸಿದಾಗ ಆಯಿಲ್ ಬರುವ ಬದಿಯ ನಿಪ್ಪಲನ್ನು, ಅಂದರೆ ಸಿಲಿಂಡರಿನ ಗಾಳಿ ಬಿಡುವ ಸಣ್ಣ ತಿರುಪನ್ನು, ಅವನು ಸಡಿಲಿಸಿದ, ಸಿಲಿಂಡರ್ ಅಲುಗಾಡದ ಹಾಗೆ ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದ. ನಾನು ಈಗ ಎಡಕ್ಕೆ ತಿರುಗಿಸುತ್ತಲೇ ಹೋದೆ. ನಿಪ್ಪಲಿಗೆ ಸಿಕ್ಕಿಸಿದ್ದ ಸಣ್ಣ ಪೈಪಿನಲ್ಲಿ ಮೊದಲು ದಪ್ಪ ದಪ್ಪ ಗುಳ್ಳೆ, ಆಮೇಲೆ ಸೋಪಿನ ನೊರೆ, ಆಮೇಲೆ ಒಂದೊಂದೇ ಗುಳ್ಳೆ.

"ಇನ್ನೂ ಬರ್ತಿದೆ, ತಿರುಗಿಸು, ತಿರುಗಿಸು."

ನಾನೂ ಕತ್ತು ತಿರುಗಿಸಿ ಆ ಗುಳ್ಳೆಗಳನ್ನೇ ನೋಡುತ್ತಿದ್ದೆ. ಬಾಟಲಿ ಕಡೆ ಯಾರೂ ನೋಡಲಿಲ್ಲ. ಗೊಳಕ್ ಅಂತ ಒಂದು ಸದ್ದು. ತಿರುಗಿ ನೋಡಿದರೆ ಬಾಟಲಿ ಖಾಲಿ. ತೆಗೆದ ಗಾಳಿಯಷ್ಟೇ ಗಾಳಿಯನ್ನು ಪಂಪು ಮತ್ತೆ ಎಳೆದುಕೊಂಡಿತ್ತು. ತಮ್ಮ ಏನೂ ಅನ್ನಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡ, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಎರಡನೇ ಸಲ ಅವನ ಹೆಂಡತಿಯನ್ನು ಬಾಟಲಿ ಕಾಯಲು ಕೂರಿಸಿದೆವು. "ಭಾವಾ, ಅರ್ಧ ಆಯ್ತು", "ಭಾವಾ, ಸಾಕು ನಿಲ್ಸಿ" ಅಂತ ಆಕೆ ಕೂಗುವುದು, ನಾವು ಹೊಸ ಬಾಟಲಿ ಹಾಕುವುದು. ಗುಳ್ಳೆ ನಿಂತ ಮೇಲೂ ಆಯಿಲ್ ಹರಿಯುತ್ತಿರುವಾಗಲೇ ನಿಪ್ಪಲ್ ಬಿಗಿ ಮಾಡಬೇಕು. ಇನ್ನೊಂದು ಬದಿಗೂ ಅದೇ ಕಥೆ.

ಕೊನೆಗೆ ಪಂಪಿನ ಬಾಯಿ ತೆರೆದಿಟ್ಟು, ಸ್ಟೇರಿಂಗನ್ನು ಕೊನೆ ತನಕ ತಿರುಗಿಸಿ ಇನ್ನೂ ಸ್ವಲ್ಪ ಒತ್ತಿ ಹಿಡಿದೆ. ಒಳಗೆ ಗಾಳಿ ಉಳಿದಿದ್ದರೆ ಆಗ ಆಯಿಲ್ ಮಟ್ಟ ಇಳಿಯುತ್ತದೆ. ಇಳಿಯಲಿಲ್ಲ. ಸುತ್ತು ಎಣಿಸಿದೆವು, ಐದು.

ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿಟ್ಟೆ. ಬೆಳಿಗ್ಗೆ ನೋಡಿದರೆ ಅದರ ಮೇಲೆ ಕೆಂಪು ಹನಿ. ಎದೆ ಧಸಕ್ಕೆಂದಿತು. ಬಗ್ಗಿ ಮೇಲೆ ನೋಡಿದೆ. ಸೀಲ್ ಒಣಗಿಯೇ ಇತ್ತು. ನಿಪ್ಪಲಿಗೆ ಸಿಕ್ಕಿಸಿದ್ದ ಸಣ್ಣ ಪೈಪನ್ನು ತೆಗೆಯುವುದೇ ಮರೆತಿದ್ದೆವು. ಅದರ ತುದಿಯಲ್ಲಿ ಇನ್ನೊಂದು ಹನಿ ತೂಗುತ್ತಿತ್ತು.