ನೀಲಿ ಪೆಟ್ರೋಲ್ ಬಾರದ ವಾರಗಳು

ವಿಮಾನ ಕಲಿಯುವವನನ್ನು ಮಳೆ ಮೋಡಗಳಿಗಿಂತ ಇಂಧನದ ಡ್ರಮ್ಮಿನ ತಳ ಹೆಚ್ಚು ಕಾಡುತ್ತದೆ ಎಂದು ತರಬೇತಿ ಶಾಲೆಗೆ ಸೇರುವಾಗ ನನಗೆ ಯಾರೂ ಹೇಳಿರಲಿಲ್ಲ. ದೊಡ್ಡ ವಿಮಾನಗಳ ಇಂಧನ ಜೆಟ್ ಎ-1 ಸೀಮೆಎಣ್ಣೆಯ ಜಾತಿಯದು, ಅದಕ್ಕೆ ನಮ್ಮಲ್ಲಿ ಬರವಿಲ್ಲ. ಆದರೆ ನಮ್ಮ ತರಬೇತಿಯ ಪುಟ್ಟ ವಿಮಾನ ಸೆಸ್ನಾ 172ರ ಪಿಸ್ಟನ್ ಎಂಜಿನ್ನಿಗೆ ಬೇಕಾದದ್ದು ಸೀಸ ಬೆರೆತ, ನೀಲಿ ಬಣ್ಣ ಹಾಕಿದ ವಿಮಾನದ ಪೆಟ್ರೋಲ್, ಏವಿಗ್ಯಾಸ್ 100 ಎಲ್‌ಎಲ್. 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ವಡೋದರಾದಲ್ಲಿ ತಯಾರಿಸಿದ ಏವಿಗ್ಯಾಸನ್ನು ಬಿಡುಗಡೆ ಮಾಡುವವರೆಗೆ ದೇಶವು ಆಮದನ್ನೇ ನಂಬಿತ್ತು. ನಾನು ಕಲಿತದ್ದು ಅದಕ್ಕೂ ಮೊದಲು, ಆ ನೀಲಿ ಪೆಟ್ರೋಲ್ ವಾರಗಟ್ಟಲೆ ಬಾರದ ಕಾಲದಲ್ಲಿ.

ನಮ್ಮ ವಿಮಾನ ಗಂಟೆಗೆ ಮೂವತ್ತೈದು ಲೀಟರಿನ ಆಸುಪಾಸು ಕುಡಿಯುತ್ತಿತ್ತು. ಅಂದರೆ 200 ಲೀಟರಿನ ಒಂದು ಡ್ರಮ್ಮಿಗೆ ಆರು ಗಂಟೆಯೂ ತುಂಬದು. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕಾದ ಹುಡುಗರು ಒಂದು ಡಜನ್ ಇದ್ದಾಗ ಪರೀಕ್ಷೆ ಹತ್ತಿರವಿದ್ದವರಿಗೆ ಮೊದಲ ಪಾಳಿ ಸಿಗುತ್ತಿತ್ತು, ಉಳಿದವರು ಎಂಜಿನ್ ಆರಿಸಿದ ಕಾಕ್‌ಪಿಟ್ಟಿನಲ್ಲಿ ಕೂತು ಚೆಕ್‌ಲಿಸ್ಟನ್ನು ಬಾಯಿಪಾಠ ಮಾಡುತ್ತಿದ್ದೆವು. ದೂರದ ಹಾರಾಟದಲ್ಲಿ ಗಾಳಿಗೆ ಬೆರೆಯುವ ಇಂಧನವನ್ನು ಹೆಚ್ಚುಕಡಿಮೆ ಮಾಡುವ ಕೆಂಪು ಮಿಕ್ಸ್‌ಚರ್ ಗುಬುಟನ್ನು ನಿಧಾನವಾಗಿ ಹೊರಕ್ಕೆಳೆದು, ಎಂಜಿನ್ನಿನ ಓಟ ಒರಟಾದೊಡನೆ ತುಸು ಒಳಕ್ಕೆ ತಳ್ಳಿದರೆ ಇಂಧನ ಉಳಿಯುತ್ತದೆ, ನಿಜ. ಆದರೆ ರನ್‌ವೇ ಸುತ್ತ ತಗ್ಗಿನಲ್ಲೇ ಸುತ್ತುವ ಕಲಿಕೆಯಲ್ಲಿ ಈ ಜಾಣತನಕ್ಕೆ ಹೆಚ್ಚು ಎಡೆಯಿಲ್ಲ.

ಬಂಕಿನ ಪೆಟ್ರೋಲನ್ನೇ ಸುರಿದರೇನು ಎಂದು ಹೊಸಬರು ಕೇಳದ ವರ್ಷವಿಲ್ಲ. ನಮ್ಮ ಬೋಧಕರು ಬಾಯಲ್ಲಿ ಉತ್ತರಿಸದೆ, ಗಾಜಿನ ಕೊಳವೆಯಲ್ಲಿ ಒಂದಿಷ್ಟು ನೀರು ಹಾಕಿ, ಗೆರೆ ಗುರುತಿಸಿ, ಬಂಕಿನ ಪೆಟ್ರೋಲ್ ಸುರಿದು ಕುಲುಕಿ ತೋರಿಸಿದರು: ಪೆಟ್ರೋಲಿನಲ್ಲಿದ್ದ ಎಥೆನಾಲನ್ನು ಹೀರಿಕೊಂಡ ನೀರು ಗೆರೆ ದಾಟಿ ಮೇಲೇರಿತ್ತು. ಆ ಎಥೆನಾಲ್ ರಬ್ಬರ್ ಸೀಲುಗಳನ್ನು ಕೆಡಿಸಬಲ್ಲದು. ಜೊತೆಗೆ ಎಂಜಿನ್ನಿನೊಳಗಿನ ಬಡಿತವನ್ನು ತಡೆಯುವ ಗುಣ, ಆಕ್ಟೇನ್, ಸಾಲದು.

ನಿಜವಾದ ಪ್ರಲೋಭನೆ ಬೇರೆಯದು, ಆಪತ್ತಿಗೆಂದು ಟ್ಯಾಂಕಿನಲ್ಲಿ ಉಳಿಸಲೇಬೇಕಾದ ಮೀಸಲು ಇಂಧನದಲ್ಲಿ ಕೈಯಾಡಿಸುವುದು. ಸೆಸ್ನಾದ ಗೇಜನ್ನು ನಂಬುವವನು ಪೈಲಟ್ಟೇ ಅಲ್ಲ ಎಂಬುದು ಹ್ಯಾಂಗರಿನ ಮಾತು. ರೆಕ್ಕೆಯ ಮೇಲೆ ಬಗ್ಗಿ, ಟ್ಯಾಂಕಿಗೆ ಅಳತೆಕೋಲು ಇಳಿಸಿ, ಅದರ ಮೇಲಿನ ಒದ್ದೆ ಆರುವ ಮುನ್ನ ಓದಬೇಕು. ಆ ಓದು ಹತ್ತು ಲೀಟರ್ ಕಡಿಮೆ ಬಂದ ದಿನ ನನ್ನ ಹಾರಾಟ ರದ್ದಾಯಿತು, ಸಿಟ್ಟೂ ಬಂತು.

ಜೆಟ್ ಎ-1 ಕುಡಿಯುವ ಡೀಸೆಲ್ ಎಂಜಿನ್ನಿನ, ಡೈಮಂಡ್ ಕಂಪನಿಯ ವಿಮಾನಗಳೇ ಮೇಲೆಂದು ನನ್ನ ಅನಿಸಿಕೆ, ಕೊಳ್ಳುವ ಶಕ್ತಿಯಿದ್ದ ಶಾಲೆಗೆ. ಆ ವಾರಗಳಲ್ಲಿ ಅಂಟಿದ ಒಂದು ಅಭ್ಯಾಸ ಮಾತ್ರ ಹೋಗಿಲ್ಲ: ನೀರಿದೆಯೇ ಎಂದು ನೋಡಲು ಟ್ಯಾಂಕಿನಿಂದ ಇಳಿಸಿದ ಒಂದು ಲೋಟ ನೀಲಿಯನ್ನು ನಾನು ಇಂದಿಗೂ ನೆಲಕ್ಕೆ ಚೆಲ್ಲದೆ ಮೂಲೆಯ ಕ್ಯಾನಿಗೆ ಸುರಿಯುತ್ತೇನೆ.