ಧರ್ಮದ ಮಾತನ್ನು ಚೌಕಾಸಿಯೆಂದು ತಿಳಿದ ನನ್ನ ತಪ್ಪು

ಮೈಸೂರಿನಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆ ನಾನು. ನನ್ನ ಅವಸರದ ತಿಳಿವಳಿಕೆಯಿಂದ ಕಕ್ಷಿದಾರರೊಬ್ಬರ ಒಂದೂವರೆ ವರ್ಷ ವ್ಯರ್ಥವಾದ ಸಂಗತಿಯನ್ನು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಶಾಲಾ ಶಿಕ್ಷಕಿ, ಒಬ್ಬಳು ಮಗಳು. ಗಂಡ ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಅರ್ಚಕ ಮನೆತನದವರು. ನಾಲ್ಕು ವರ್ಷದ ಹಿಂದೆ ಮೈಸೂರಿನ ಮನೆ ಬಿಟ್ಟು ಊರಿಗೆ ಹೋದವರು ಮರಳಿ ಬರಲಿಲ್ಲ, ಹೆಂಡತಿಯನ್ನು ಕರೆಸಿಕೊಳ್ಳಲೂ ಇಲ್ಲ. ಆದರೂ ವಿಚ್ಛೇದನದ ಮಾತೆತ್ತಿದರೆ, ಮದುವೆಯೆಂಬುದು ಸಂಸ್ಕಾರ, ಅದನ್ನು ಕಾಗದದ ಮೇಲೆ ಬಿಡಿಸಲಾಗದು ಎನ್ನುತ್ತಿದ್ದರು.

ಜೀವನಾಂಶ ತಪ್ಪಿಸಿಕೊಳ್ಳಲು ಅವರು ಧರ್ಮವನ್ನು ಅಡ್ಡ ತರುತ್ತಿದ್ದಾರೆಂದು ನಾನು ತೀರ್ಮಾನಿಸಿಬಿಟ್ಟೆ. ಆದ್ದರಿಂದ ಕಾಯಂ ಜೀವನಾಂಶದ ಹಕ್ಕನ್ನೇ ಬಿಟ್ಟುಕೊಡುವಂತೆ ಆಕೆಯನ್ನು ಒಪ್ಪಿಸಿದೆ. ಎರಡೂ ಕಡೆಯ ಹಿರಿಯರಿಂದ ಅವರಿಗೆ ಹೇಳಿಸಿ, 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ಅರ್ಜಿಗೆ ಸಹಿ ಹಾಕಿಸಿದೆ. ಆರು ತಿಂಗಳು ಕಳೆದು ಮತ್ತೆ ಹಾಜರಾದ ದಿನ ಅವರು ನ್ಯಾಯಾಧೀಶರ ಮುಂದೆ ಕೈಮುಗಿದು, ತಮಗೆ ಒಪ್ಪಿಗೆಯಿಲ್ಲವೆಂದರು. ಡಿಕ್ರಿ, ಅಂದರೆ ನ್ಯಾಯಾಲಯದ ವಿಚ್ಛೇದನದ ಆದೇಶ, ಆಗುವವರೆಗೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿ ವಜಾ ಆಯಿತು.

ಕೆಲವು ವಾರಗಳ ನಂತರ ಅವರು ತಮ್ಮ ವಕೀಲರೊಡನೆ ನನ್ನ ಕಚೇರಿಗೆ ಬಂದರು. ಪ್ಲಾಸ್ಟಿಕ್ ಕವರಿನಿಂದ ಮದುವೆಯ ಲಗ್ನಪತ್ರಿಕೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ನಾಲ್ಕು ಮೂಲೆಗಳಲ್ಲಿ ಹಚ್ಚಿದ್ದ ಅರಿಶಿನ ಇನ್ನೂ ಕಂದು ಬಣ್ಣದಲ್ಲಿ ಉಳಿದಿತ್ತು. "ಮೇಡಂ, ಕೋರ್ಟು ಬಿಡಿಸಿದರೆ ಅದು ಕೋರ್ಟಿನ ತೀರ್ಮಾನ. ಅಗ್ನಿ ಎದುರಿಗೆ ಕೈ ಹಿಡಿದವನು ಅದೇ ಕೈಯಲ್ಲಿ ಬಿಟ್ಟೆ ಅಂತ ಬರ್ಕೊಡೋಕೆ ನನ್ನಿಂದ ಆಗಲ್ಲ" ಎಂದರು. ಅವರ ಆಕ್ಷೇಪಣೆ ಇದ್ದದ್ದು ತಮ್ಮ ಸಹಿಗೆ ಎಂಬುದು ನನಗೆ ಆಗ ಹೊಳೆಯಿತು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿರಲೇ ಇಲ್ಲ.

ಕಾಯ್ದೆಯಲ್ಲಿ ಧಾರ್ಮಿಕ ನಂಬಿಕೆ ವಿಚ್ಛೇದನಕ್ಕೆ ತಡೆಯಲ್ಲ. ಎರಡು ವರ್ಷ ಸತತವಾಗಿ ತೊರೆದಿರುವುದು ಸಾಬೀತಾದರೆ, ಇನ್ನೊಬ್ಬರ ಒಪ್ಪಿಗೆ ಇಲ್ಲದೆಯೂ ಡಿಕ್ರಿ ಸಿಗುತ್ತದೆ. ಹಾಗೆಂದು ನಂಬಿಕೆಗೆ ಬೆಲೆಯೇ ಇಲ್ಲವೆಂದಲ್ಲ. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣಕ್ಕೆ ತಾನು ವಿಚ್ಛೇದನ ನೀಡಬಹುದೆಂದು 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠದ ಮೂಲಕ ಹೇಳಿದ ಸುಪ್ರೀಂ ಕೋರ್ಟ್, ಅದೇ ಅಕ್ಟೋಬರಿನಲ್ಲಿ, ವಿಚ್ಛೇದಿತೆ ಎನಿಸಿಕೊಂಡು ಸಾಯಲಾರೆನೆಂದ 82 ವರ್ಷದ ಹೆಂಡತಿಯ ಮನಸ್ಸನ್ನು ಗೌರವಿಸಿ, 89 ವರ್ಷದ ಗಂಡನ ಕೋರಿಕೆಯನ್ನು ತಿರಸ್ಕರಿಸಿತು. ಆ ತೀರ್ಪನ್ನು ನಾನು ಎಷ್ಟೋ ಸಲ ಓದಿದ್ದೇನೆ. ಆದರೆ ನನ್ನ ಕಕ್ಷಿದಾರರಿಗೆ ಇನ್ನೂ ನಲವತ್ತಾಗಿರಲಿಲ್ಲ. ಗಂಡನ ನಂಬಿಕೆಯ ಹೊರೆಯನ್ನು ಅವರು ಬದುಕಿಡೀ ಹೊರುವುದು ನ್ಯಾಯವೆಂದು ನನಗೆ ಅನ್ನಿಸಲಿಲ್ಲ.

ತೊರೆದ ಕಾರಣಕ್ಕೆ ಹೊಸ ಅರ್ಜಿ ಹಾಕಿದೆವು. ಇಂಥಲ್ಲಿ ಎಚ್ಚರ ಬೇಕು: ಇಬ್ಬರೂ ಒಳಗೊಳಗೇ ಕೂಡಿಕೊಂಡು ನಡೆಸುವ ಅರ್ಜಿಗೆ 23ನೇ ಕಲಂ ಅವಕಾಶ ಕೊಡುವುದಿಲ್ಲ. ಗಂಡ ಏನು ಹೇಳಬೇಕೆಂದು ನಾನು ಸೂಚಿಸಲಿಲ್ಲ, ಸೂಚಿಸಲೂಬಾರದು. ಮೊದಲ ವರ್ಷದಲ್ಲಿ ಮನೆಗೆ ಬನ್ನಿರೆಂದು ಆಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದ ಮೂರು ಪತ್ರಗಳ ಸ್ವೀಕೃತಿ ಚೀಟಿಗಳೇ, ಅವರು ಹೋದದ್ದಕ್ಕೆ ಆಕೆಯ ಸಮ್ಮತಿ ಇರಲಿಲ್ಲವೆಂಬುದಕ್ಕೆ ಆಧಾರವಾದವು. ಪಾಟೀ ಸವಾಲಿನಲ್ಲಿ ಅವರು ಪತ್ರಗಳು ತಲುಪಿದ್ದನ್ನೂ, ಮರಳುವ ಮನಸ್ಸಿಲ್ಲದ್ದನ್ನೂ ಇದ್ದಂತೆಯೇ ಹೇಳಿ, ವಿಚ್ಛೇದನಕ್ಕೆ ಮಾತ್ರ ತಮ್ಮ ಒಪ್ಪಿಗೆ ಇಲ್ಲವೆಂದು ದಾಖಲಿಸುವಂತೆ ಕೇಳಿಕೊಂಡರು. ನ್ಯಾಯಾಧೀಶರು ಅದನ್ನು ಅವರದೇ ಮಾತಿನಲ್ಲಿ ಬರೆಸಿದರು. ಡಿಕ್ರಿ ಆಯಿತು.

ಕಾಯಂ ಜೀವನಾಂಶದ ಕೋರಿಕೆಯನ್ನು ಈ ಸಲ ನಾನು ಕೈಬಿಟ್ಟಿರಲಿಲ್ಲ. ದೇವಸ್ಥಾನಕ್ಕೆ ಸರ್ಕಾರ ಕೊಡುವ ತಸ್ತೀಕು ಹಣ, ತಟ್ಟೆ ಕಾಸು, ಸ್ವಲ್ಪ ಜಮೀನು, ಇಷ್ಟೇ ಅವರ ವರಮಾನವಾದ್ದರಿಂದ ನಿಗದಿಯಾದ ಮೊತ್ತ ದೊಡ್ಡದಲ್ಲ. ಆದರೆ ಮಗಳ ಶಾಲೆಯ ಖರ್ಚಿಗೆಂದು ಅದು ತಿಂಗಳು ತಪ್ಪದೆ ಬರುತ್ತಿದೆ.