ಅಗ್ಗದ ಗಿಡವನ್ನೇ ತಗೊಳ್ಳಿ, ಆದರೆ ಪ್ಯಾಕೆಟ್ಟಿನ ತಳ ನೋಡಿ

ಹಾಸನದ ಹೊರಗೆ ಬೇಲೂರು ರಸ್ತೆ ಕಡೆಯ ಒಂದು ನರ್ಸರಿಯಲ್ಲಿ ನನಗೆ ಕೆಲಸ. ವರ್ಷದ ಬಹುಪಾಲು ಮಣ್ಣು ಜರಡಿ ಹಿಡಿಯುವುದು, ಪ್ಯಾಕೆಟ್ ತುಂಬುವುದು, ನೀರು ಹಾಯಿಸುವುದು. ಮುಂಗಾರು ಹಿಡಿಯಿತೆಂದರೆ ಮಾತ್ರ ಎಲ್ಲರೂ ವ್ಯಾಪಾರಕ್ಕೆ ನಿಲ್ಲಬೇಕು. ಹೊಸ ಮನೆ ಕಟ್ಟಿಸಿದವರು, ಹಿತ್ತಲಲ್ಲಿ ನಾಲ್ಕು ಗಿಡ ಇರಲಿ ಅನ್ನುವವರು ಬರುವುದು ಆಗಲೇ. ಬಂದವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ: "ಇದೇ ರೇಟಲ್ಲಿ ಇದಕ್ಕಿಂತ ಉದ್ದ ಇರೋದು ಇಲ್ವಾ?"

ಇರುತ್ತದೆ. ಪ್ರತಿ ಮಡಿಯಲ್ಲೂ ನಾಲ್ಕಾರು ಗಿಡ ಉಳಿದವುಗಳಿಗಿಂತ ಒಂದೆರಡು ಅಡಿ ಮೇಲೆದ್ದು ನಿಂತಿರುತ್ತವೆ. ಅವು ಹಾಗೆ ಏಳಲು ಕಾರಣ ಏನೆಂದು ಮಡಿಯಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಗೊತ್ತು. ಪ್ಯಾಕೆಟ್ಟಿನ ತಳದ ತೂತಿನಿಂದ ಬೇರು ಹೊರಬಿದ್ದು ನೆಲ ಹಿಡಿದಿರುತ್ತದೆ. ಒಳಗಿನ ಎರಡು ಬೊಗಸೆ ಮಣ್ಣನ್ನು ಬಿಟ್ಟು ಅಡಿಯ ನೆಲದಿಂದಲೇ ಅದು ಉಣ್ಣುತ್ತಿರುತ್ತದೆ. ಹೀಗಾಗದಿರಲೆಂದು ಆಗಾಗ ಪ್ಯಾಕೆಟ್ಟುಗಳನ್ನು ಎತ್ತಿ, ಜಾಗ ಬದಲಿಸಿ, ಉದ್ದದ್ದು ಬೇರೆ ಗಿಡ್ಡದ್ದು ಬೇರೆ ಸಾಲು ಮಾಡಿ ಇಡುತ್ತೇವೆ. ಆಳು ಸಿಗದ ವರ್ಷ ಮೊದಲು ತಪ್ಪಿಹೋಗುವುದು ಈ ಕೆಲಸವೇ.

ಆಲೂರಿನ ಕಡೆಯಿಂದ ಬಂದಿದ್ದ ಒಬ್ಬ ಹೆಂಗಸಿಗೆ ಅಂಥದ್ದೇ ಒಂದು ನೇರಳೆ ಗಿಡದ ಮೇಲೆ ಕಣ್ಣು ಬಿತ್ತು. "ಅದು ಬ್ಯಾಡ ಕಣಕ್ಕ" ಅಂದೆ. "ಯಾಕಣ್ಣ, ಬೇರೆಯವರಿಗೆ ಎತ್ತಿಟ್ಟಿದೀರಾ?" ಅಂದರು. ಮಾತಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು ಎತ್ತಲು ಹೋದೆ. ಬರಲಿಲ್ಲ. ಎರಡು ಕೈ ಹಾಕಿ ಎಳೆದಾಗ ಟಕ್ ಅಂತ ಸದ್ದಾಗಿ ಬಂತು. ತಳ ತಿರುಗಿಸಿದರೆ ಕಿರುಬೆರಳು ದಪ್ಪದ ತಾಯಿಬೇರು ತುಂಡಾಗಿತ್ತು, ತುದಿಯಲ್ಲಿ ಬಿಳಿ ತಿರುಳು ಒದ್ದೆಯಾಗಿ ಹೊಳೆಯುತ್ತಿತ್ತು. ಅದನ್ನು ಅವರ ಕೈಗೇ ಕೊಟ್ಟೆ. ಇಂಥ ಗಿಡ ಮನೆಗೆ ಹೋಗಿ ಒಂದು ವಾರ ಚೆನ್ನಾಗೇ ಕಾಣುತ್ತದೆ. ಆಮೇಲೆ ಎಲೆ ಜೋತು ಬೀಳುತ್ತದೆ, ನೀರು ಹಾಕಿದಷ್ಟೂ ಕೊಳೆಯುತ್ತದೆ, "ನಿಮ್ಮ ಗಿಡ ಸರಿಯಿಲ್ಲ" ಅನ್ನುವ ದೂರು ನಮಗೆ ಬರುತ್ತದೆ. ಆಯಮ್ಮ ಮೊಣಕಾಲೆತ್ತರದ ಎರಡು ಗಿಡ ತಗೊಂಡು ಹೋದರು. ಬೇರು ತುಂಡಾದದ್ದನ್ನು ನಾವು ಅರ್ಧ ಎಲೆ ಕತ್ತರಿಸಿ ನೆರಳಿಗೆ ಸರಿಸಿದೆವು. ಹೊಸ ಚಿಗುರು ಕಾಣುವವರೆಗೆ ಅಂಥದ್ದನ್ನು ಮಾರಬಾರದು.

ಇನ್ನೊಂದು ಬಗೆ ಹೋದ ವರ್ಷ ಉಳಿದ ಹಳೆ ಗಿಡ. ಅರ್ಧ ರೇಟಿಗೆ ಕೊಡುತ್ತೇವೆ ಅಂದರೆ ಜನ ಮುಗಿಬೀಳುತ್ತಾರೆ. ಇದರ ಬೇರು ಹೊರಗೆ ಬಂದಿರುವುದಿಲ್ಲ, ಒಳಗೇ ಬಿಂದಿಗೆಯ ಸಿಂಬೆ ಹಾಗೆ ಸುತ್ತಿಕೊಂಡಿರುತ್ತದೆ. ಹಾಗೇ ನೆಟ್ಟರೆ ಆ ಸುತ್ತು ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಮರ ದಪ್ಪವಾದಂತೆ ಬೇರೇ ಬುಡವನ್ನು ಬಿಗಿಯುತ್ತದೆ, ಗಾಳಿ ಮಳೆಗೆ ಬುಡಸಮೇತ ವಾಲುವುದು ಇಂಥವೇ. ತಗೊಂಡೇ ಬಿಟ್ಟಿದ್ದರೆ ನೆಡುವ ಮೊದಲು ಬ್ಲೇಡಿನಿಂದ ಮಣ್ಣುಂಡೆಯ ಎರಡು ಮಗ್ಗುಲಲ್ಲಿ ಮೇಲಿಂದ ಕೆಳಗೆ ಗೀರಿ, ತಳದ ಸುತ್ತನ್ನು ಕತ್ತರಿಸಿ ತೆಗೆಯಿರಿ. ಕೊಳ್ಳುವಾಗಲೇ ನೋಡುವುದಾದರೆ ಪ್ಯಾಕೆಟ್ ಒತ್ತಿ ನೋಡಿ: ಮಣ್ಣು ಸ್ವಲ್ಪ ಬಗ್ಗಬೇಕು. ಬುಡ ಹಿಡಿದು ಅಲ್ಲಾಡಿಸಿದರೆ ಗಿಡ ಮಣ್ಣಿನ ಜೊತೆ ಅಲ್ಲಾಡಬೇಕು, ಮಣ್ಣು ಬಿಟ್ಟು ಅಲ್ಲಾಡಿದರೆ ಅದನ್ನು ಆಗಷ್ಟೇ ಪ್ಯಾಕೆಟ್ಟಿಗೆ ಹಾಕಿದ್ದಾರೆ ಎಂದರ್ಥ.

ಗಿಡದ ಬೆಲೆಯಲ್ಲಿ ಇರುವುದು ಪ್ಯಾಕೆಟ್ಟಿನ ಗಾತ್ರ, ನೀರು ಹಾಕಿದ ಕೂಲಿ, ಲಾರಿ ಬಾಡಿಗೆ. ಮುಂದೆ ಅದು ಹೇಗೆ ಬೆಳೆದೀತು ಎಂಬುದಕ್ಕೂ ಆ ಬೆಲೆಗೂ ಸಂಬಂಧ ಕಡಿಮೆ. ದೊಡ್ಡ ಗಿಡ ಹೊಸ ಮಣ್ಣಿಗೆ ಹೊಂದಿಕೊಳ್ಳಲು ಒಂದು ವರ್ಷ ತಗೊಳ್ಳುತ್ತದೆ. ಎಳೆಯದು ಆ ಮಳೆಗಾಲದಲ್ಲೇ ಬೇರು ಬಿಟ್ಟು ಮೇಲೇಳುತ್ತದೆ. ಎರಡು ಮೂರು ವರ್ಷಕ್ಕೆ ಚಿಕ್ಕದು ದೊಡ್ಡದನ್ನು ಹಿಂದೆ ಹಾಕಿದ್ದನ್ನು ಬೇಕಾದಷ್ಟು ಹಿತ್ತಲಲ್ಲಿ ನೋಡಿದ್ದೇನೆ. (ಯಜಮಾನರ ಎದುರು ಇದನ್ನು ಇಷ್ಟು ಜೋರಾಗಿ ಹೇಳುವುದಿಲ್ಲ. ದೊಡ್ಡ ಗಿಡದಲ್ಲೇ ಲಾಭ.)

ಬರಿ ನೆರಳಿಗೆ, ಬೇಲಿ ಸಾಲಿಗೆ ಮರ ಬೇಕೆಂದರೆ ನಮ್ಮಲ್ಲಿಗೂ ಬರಬೇಕಿಲ್ಲ, ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ. ಹೊನ್ನೆ, ಬೇವು, ನೇರಳೆ, ನೆಲ್ಲಿ, ಸಿಲ್ವರ್ ಓಕ್, ಮಹಾಗನಿ ಸಸಿಗಳು ರಿಯಾಯಿತಿ ದರದಲ್ಲಿ ಸಿಗುತ್ತವೆ. ಅಲ್ಲಿ ದರ ಇರುವುದು 5×8, 6×9, 8×12 ಇಂಚಿನ ಪ್ಯಾಕೆಟ್ ಗಾತ್ರದ ಮೇಲೆ. ಮಳೆ ಶುರುವಾಗುವ ಹೊತ್ತಿಗೆ ವಿಚಾರಿಸಬೇಕು, ತಡವಾದರೆ ಒಳ್ಳೆಯ ಜಾತಿ ಖಾಲಿ. ಜಮೀನಿದ್ದವರಿಗೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಇದೆ. ಪಹಣಿ ಕೊಟ್ಟು ನೋಂದಾಯಿಸಿ ನೆಟ್ಟರೆ, ಬದುಕಿ ಉಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಕೊಡುತ್ತಾರೆ. ಪೇಟೆಯ ಸೈಟಿಗೆ ಇದು ಅನ್ವಯಿಸುವುದಿಲ್ಲ.

ಹಣ್ಣಿನ ಗಿಡದ ಲೆಕ್ಕ ಬೇರೆ. ಮಾವು, ಹಲಸು, ಸಪೋಟದಲ್ಲಿ ಬೀಜದ ಸಸಿ ಅಗ್ಗ ಎಂದು ತಂದರೆ ಏಳೆಂಟು ವರ್ಷ ಕಾಯಬೇಕು, ಬಂದ ಹಣ್ಣು ತಾಯಿಮರದ ಹಾಗೇ ಇದ್ದೀತೆಂಬ ಭರವಸೆಯೂ ಇಲ್ಲ. ಇಲ್ಲಿ ಕಸಿ ಗಿಡಕ್ಕೇ ದುಡ್ಡು ಕೊಡಿ, ಮೂರು ನಾಲ್ಕು ವರ್ಷಕ್ಕೆ ಫಸಲು ಶುರುವಾಗುತ್ತದೆ. ಆದರೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದೆಲ್ಲ ಕಸಿಯಲ್ಲ. ಬೀಜದ ಸಸಿಗೇ ಪಟ್ಟಿ ಕಟ್ಟಿ ಮಾರುವವರಿದ್ದಾರೆ. ಪಟ್ಟಿಯನ್ನು ಸ್ವಲ್ಪ ಸರಿಸಿ ನೋಡಿ: ಓರೆಯಾಗಿ ಇಲ್ಲವೇ ಸೀಳಿನ ಆಕಾರದಲ್ಲಿ ಗಾಯದ ಗುರುತು ಇರಬೇಕು, ಅದರ ಮೇಲಿನ ತೊಗಟೆಗೂ ಕೆಳಗಿನದಕ್ಕೂ ಬಣ್ಣದಲ್ಲೋ ದಪ್ಪದಲ್ಲೋ ವ್ಯತ್ಯಾಸ ಕಾಣಬೇಕು. ನೆಟ್ಟಾಗ ಆ ಗಂಟು ಮಣ್ಣಿನಿಂದ ಮೇಲೇ ಇರಲಿ. ಕೂಡಿಕೊಂಡ ಮೇಲೆ ಪಟ್ಟಿ ಬಿಚ್ಚದಿದ್ದರೆ ಕಾಂಡ ದಪ್ಪವಾಗುತ್ತಾ ಅಲ್ಲೇ ಕೊರೆಯುತ್ತದೆ. ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡ ಕಂಡಾಗ ಚಿವುಟಿ. ಅದನ್ನು ಬಿಟ್ಟರೆ ಕಾಡು ಗಿಡ ಬೆಳೆದು ಮೇಲೆ ಕಸಿ ಕಟ್ಟಿದ ಮಲ್ಲಿಕಾ ಮಾವು ಸೊರಗುತ್ತದೆ. ಚೆನ್ನಾಗಿ ಬಂದಿದೆ ಎಂದು ಖುಷಿಪಟ್ಟು ಸಾಕಿದ ಕೊಂಬೆ ಅದೇ ಆಗಿರುವುದುಂಟು.

ಕಸಿಯೇ ಬೇಡದ ಗಿಡಗಳೂ ಇವೆ, ಇಲ್ಲಿ ದುಡ್ಡು ಉಳಿಸಬಹುದು. ನಿಂಬೆಯ ಬೀಜದಿಂದ ಹುಟ್ಟುವ ಸಸಿ ಬಹುಪಾಲು ತಾಯಿಯದೇ ಗುಣ ಹೊತ್ತಿರುತ್ತದೆ. ನುಗ್ಗೆಗೆ ಪಕ್ಕದ ಮನೆಯವರ ಮರದ ತೋಳು ದಪ್ಪದ ಕೊಂಬೆ ಸಾಕು. ಕರಿಬೇವು ಯಾರ ಹಿತ್ತಲಲ್ಲಾದರೂ ಬೇರಿನಿಂದ ಮರಿ ಎದ್ದಿರುತ್ತದೆ. ತೆಂಗಿಗಂತೂ ಕಸಿ ಎನ್ನುವುದೇ ಇಲ್ಲ, ಗಿಡವನ್ನು ನೋಡಿಯೇ ಆರಿಸಬೇಕು. ಒಂಬತ್ತರಿಂದ ಹನ್ನೆರಡು ತಿಂಗಳಿನದು, ಕಡಿಮೆಯೆಂದರೆ ಆರು ಗರಿ, ಬುಡದ ಸುತ್ತಳತೆ 10 ಸೆಂಟಿಮೀಟರಿಗೆ ಕಮ್ಮಿಯಿಲ್ಲದ್ದು, ಗರಿ ಬೇಗ ಸೀಳಲು ಶುರುಮಾಡಿದ್ದು. ಇಲ್ಲೂ ಉದ್ದ ನೋಡಿ ಸಪೂರ ಗಿಡ ಎತ್ತಿಕೊಳ್ಳುವವರೇ ಹೆಚ್ಚು.

ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ಕಡಿಯಂನಿಂದ ಲಾರಿಗಟ್ಟಲೆ ಬರುವ ಗಿಡಗಳು ಈಗ ಎಲ್ಲ ಊರಿನ ನರ್ಸರಿಯಲ್ಲೂ ಇವೆ. ದೂರದ ಪ್ರಯಾಣದಲ್ಲಿ ಬೇರು ಅಲುಗದಿರಲೆಂದು ಅಂಟು ಮಣ್ಣಿನ ಉಂಡೆಯಲ್ಲೇ ಬರುತ್ತವೆ. ನಮ್ಮ ಸಡಿಲ ಕೆಮ್ಮಣ್ಣಿನಲ್ಲಿ ಅದನ್ನು ಹಾಗೇ ಇಟ್ಟರೆ, ಬೇಸಿಗೆಯಲ್ಲಿ ಹಾಕಿದ ನೀರು ಉಂಡೆಯ ಪಕ್ಕದಲ್ಲೇ ಇಳಿದುಹೋಗುತ್ತದೆ. ಪಾತಿ ಒದ್ದೆ, ಉಂಡೆಯ ಒಳಗೆ ಒಣ. ಒಂದು ಗಂಟೆ ಬಕೆಟ್ಟಿನಲ್ಲಿ ನೆನೆಸಿ, ಹೊರಗಿನ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಉದುರಿಸಿ, ಬೇರಿನ ತುದಿ ಕಾಣುವ ಹಾಗೆ ಮಾಡಿ ನೆಡಿ.

ಯಾವಾಗ ನೆಡಬೇಕು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಒಂದೇ ಉತ್ತರ ಕೊಡಲಾಗುವುದಿಲ್ಲ. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟಿ ಮಳೆ. ಅರಸೀಕೆರೆಯಲ್ಲಿ ಅದರ ಮೂರನೇ ಒಂದು ಪಾಲು ಬಂದರೆ ಒಳ್ಳೆಯ ವರ್ಷ. ಇಬ್ಬರೂ ಒಂದೇ ದಿನ ಬಂದು ಒಂದೇ ಬಟರ್ ಫ್ರೂಟ್ ಗಿಡ ಕೊಂಡುಹೋಗುತ್ತಾರೆ. ಅರಸೀಕೆರೆಯವರಿಗೆ ನಾನು ಹೇಳುವುದು: ಬೇಸಿಗೆಯಲ್ಲೇ ಗುಣಿ ತೆಗೆದು ಬಿಸಿಲು ಕಾಣಿಸಿ, ಮೊದಲ ಹದ ಮಳೆಗೇ ನೆಟ್ಟುಬಿಡಿ, ಒಂದು ಮಳೆಯನ್ನೂ ಬಿಡಬೇಡಿ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಎಂಬ ಮಾತು ಅಲ್ಲಿಯವರಿಗೆ ನಾನು ಹೇಳಿಕೊಡಬೇಕಿಲ್ಲ. ಸಕಲೇಶಪುರದವರಿಗೆ ಉಲ್ಟಾ. ಪುನರ್ವಸು, ಪುಷ್ಯದಲ್ಲಿ ಗುಣಿ ತೋಡಿದರೆ ನೀರು ನಿಲ್ಲುವ ತೊಟ್ಟಿಯಾಗುತ್ತದೆ. ನೀರು ನಿಂತ ಕಡೆ ಬಟರ್ ಫ್ರೂಟ್ ಬೇರು ಕೊಳೆತು ಸಾಯುವುದು ಖಂಡಿತ. ಮಳೆಯ ಜೋರು ಇಳಿದ ಮೇಲೆ ಸೆಪ್ಟೆಂಬರಲ್ಲಿ, ಗುಣಿ ಮುಚ್ಚಿ ಅದರ ಮೇಲೆ ಒಂದಡಿ ದಿಬ್ಬ ಮಾಡಿ ನೆಡುವುದು ವಾಸಿ. ಪ್ಯಾಕೆಟ್ಟಿನ ಕಾಫಿ ಗಿಡವನ್ನು ಎಷ್ಟೋ ತೋಟದವರು ಆಗಲೇ ನೆಡುತ್ತಾರೆ.

ಹಾಸನ ಪೇಟೆಯ ಹೊಸ ಬಡಾವಣೆಗಳಲ್ಲಿ ತೊಂದರೆ ಮಳೆಯದಲ್ಲ, ಮೇಸ್ತ್ರಿಯದು. ಮನೆ ಮುಗಿದ ಮೇಲೆ ಉಳಿದ ಸಿಮೆಂಟು, ಜಲ್ಲಿ, ಇಟ್ಟಿಗೆ ಚೂರು ಎಲ್ಲ ಹಿತ್ತಲಿಗೆ ಸುರಿದು, ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಿರುತ್ತಾನೆ. ನಲವತ್ತು ರೂಪಾಯಿಯ ಗಿಡ ತಗೊಂಡವರಿಗೂ ನಾನು ಹೇಳುವುದು, ಉಳಿಸಿದ ದುಡ್ಡಿನಲ್ಲಿ ಒಬ್ಬ ಆಳಿಟ್ಟು ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ತೆಗೆಸಿ ಎಂದು. ಹಾರೆಗೆ ಕಾಂಕ್ರೀಟ್ ತಾಗಿದರೆ ಇನ್ನೂ ಅಗಲ ಮಾಡಿ ಅದನ್ನೆಲ್ಲ ಹೊರಹಾಕಿ, ಒಳ್ಳೆಯ ಮೇಲ್ಮಣ್ಣು ತರಿಸಿ ತುಂಬಬೇಕು. ಗೊಬ್ಬರ ಪೂರ್ತಿ ಕಳಿತದ್ದಾಗಿರಲಿ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ, ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಆ ಕಾಟ ಕಮ್ಮಿ. ಪ್ಯಾಕೆಟ್ ಹರಿಯದೆ ನೆಡುವವರು ಈಗಲೂ ಇದ್ದಾರೆ, ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ: ಹರಿದು ತೆಗೆಯಿರಿ.

ಬುಡಕ್ಕೆ ಅಂಟದ ಹಾಗೆ ಒಂದು ಗೂಟ ನೆಟ್ಟು ಸಡಿಲವಾಗಿ ಕಟ್ಟಿ. ಮಳೆ ನಿಂತ ಮೇಲೆ ಪಾತಿಗೆ ತರಗೆಲೆಯನ್ನೋ ತೆಂಗಿನ ಸಿಪ್ಪೆಯನ್ನೋ ಹಾಕಿ, ಕಾಂಡದಿಂದ ನಾಲ್ಕು ಬೆರಳು ಬಿಟ್ಟು. ಮೊದಲ ಬೇಸಿಗೆ ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೆರಡು ಸಲ ಎರಡು ಬಿಂದಿಗೆ ಹಾಕುವುದು ಮೇಲು, ನೀರು ಕೆಳಗಿಳಿದರೆ ಬೇರೂ ಅದರ ಹಿಂದೆ ಇಳಿಯುತ್ತದೆ. ಕಾಂಪೌಂಡ್ ಇನ್ನೂ ಎದ್ದಿಲ್ಲವಾದರೆ ಗಿಡ ಕೊಳ್ಳುವ ಮೊದಲು ನಾಲ್ಕು ಗೂಟ, ಒಂದಿಷ್ಟು ಮುಳ್ಳು ಹೊಂದಿಸಿಕೊಳ್ಳಿ. ಬೀದಿಯ ಮೇಕೆಗಳು ಕಸಿ, ಬೀಜದ ಸಸಿ ಎಂದು ನೋಡುವುದಿಲ್ಲ.